ಲಿಥಿಯಂ ಸಿಕ್ಕ ಊರೆಲ್ಲ ಬ್ಯಾಟರಿಯ ಊರಾಗದು

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ನೆಲದಡಿ 14,100 ಟನ್ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಹಬ್ಬಿದಾಗ, ಮಂಡ್ಯ ಇನ್ನು ಎಲೆಕ್ಟ್ರಿಕ್ ವಾಹನಗಳ ರಾಜಧಾನಿ ಎಂದವರು ಬಹಳ ಮಂದಿ.

ತಪ್ಪು ಕಲ್ಪನೆ: ಲಿಥಿಯಂ ಇದ್ದಲ್ಲಿಗೆ ಕಾರ್ಖಾನೆ ತಾನಾಗಿ ಬರುತ್ತದೆ.

ವಾಸ್ತವ: ಮರುವರ್ಷವೇ ಆ ಅಂದಾಜು 1,600 ಟನ್ನಿಗೆ ಇಳಿಯಿತು. ಇಳಿಯದಿದ್ದರೂ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಲಿಥಿಯಂ ತೆಗೆಯುವ ಆಸ್ಟ್ರೇಲಿಯಾ ಅದಿರಿನ ಬಹುಪಾಲನ್ನು ಚೀನಾಕ್ಕೆ ಹೋಗುವ ಹಡಗು ಹತ್ತಿಸುತ್ತದೆ. ಯುರೋಪಿನ ಭಾರೀ ಬ್ಯಾಟರಿ ಕಾರ್ಖಾನೆಗಳಲ್ಲೊಂದು ಇರುವುದು ಪೋಲೆಂಡಿನ ವ್ರೊಟ್ಸ್ವಾಫ್ ಬಳಿ. ಅಲ್ಲಿ ಲಿಥಿಯಂ ಗಣಿಯೇ ಇಲ್ಲ. ಚೀನಾದ ನಿಂಗ್‌ಡೆ ಮೀನು ಸಾಕಣೆಗೆ ಹೆಸರಾದ ಕರಾವಳಿ ಪಟ್ಟಣ. 2011ರಲ್ಲಿ ಅಲ್ಲಿ ಸಿಎಟಿಎಲ್ ಎಂಬ ಬ್ಯಾಟರಿ ಕಂಪನಿ ಕಟ್ಟಿದ ಝೆಂಗ್ ಯುಚುನ್ ಅದೇ ಸೀಮೆಯವರು. ಅಷ್ಟರಲ್ಲಾಗಲೇ ದಶಕಕ್ಕೂ ಹೆಚ್ಚು ಕಾಲ ಫೋನು, ಸಣ್ಣ ಸಾಧನಗಳ ಬ್ಯಾಟರಿ ಮಾಡಿ ಅವರ ಕೈ ಪಳಗಿತ್ತು. ಆ ಕಾರ್ಖಾನೆಯ ಬೆನ್ನಿಗೆ ಬಿಡಿ ಸಾಮಗ್ರಿ ಪೂರೈಸುವವರೂ ಬಂದು ನೆಲೆಸಿದರು. ಬ್ಯಾಟರಿ ಉದ್ಯಮದ ಕೇಂದ್ರ ಬೆಳೆಯುವುದು ಹೀಗೆ.

ತಪ್ಪು ಕಲ್ಪನೆ: ಬ್ಯಾಟರಿ ಎಂದರೆ ಲಿಥಿಯಂ.

ವಾಸ್ತವ: ಸಣ್ಣ ಕಾರಿನ ಬ್ಯಾಟರಿಯಲ್ಲಿ ಅದು ಇರುವುದು ಕೆಲವೇ ಕಿಲೋ. ಗ್ರ್ಯಾಫೈಟ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೇಕು. ಬಳ್ಳಾರಿ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಯಿಂದ ಹೊರಬೀಳುವ ಕಲ್ಲಿದ್ದಲ ಟಾರಿನಿಂದ ಬ್ಯಾಟರಿಯ ಋಣ ತುದಿಯಾದ ಆನೋಡ್‌ಗೆ ಬೇಕಾದ ಗ್ರ್ಯಾಫೈಟ್ ತಯಾರಿಸುವ ಕೆಲಸಕ್ಕೆ ಎಪ್ಸಿಲಾನ್ ಕಂಪನಿ ಇಳಿದಿದೆ. ಮಂಡ್ಯದಷ್ಟು ಸದ್ದು ಇದು ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಗಟ್ಟಿಯಾದ ಸುದ್ದಿ.

ತಪ್ಪು ಕಲ್ಪನೆ: ಬ್ಯಾಟರಿ ಜೋಡಿಸುವುದೂ ತಯಾರಿಸುವುದೂ ಒಂದೇ.

ವಾಸ್ತವ: ಅಲ್ಲ. ಹೊರಗಿಂದ ತರಿಸಿಕೊಂಡ, ವಿದ್ಯುತ್ ಕೂಡಿಡುವ ಬಿಡಿ ಘಟಕಗಳಾದ ಸೆಲ್‌ಗಳನ್ನು ಸಾಲಾಗಿ ಬೆಸೆದು, ವಯರು, ನಿಯಂತ್ರಣ ಸರ್ಕ್ಯೂಟು ಕೂಡಿಸಿ ಡಬ್ಬಿಗೆ ಹಾಕಿದರೆ ಅದು ಪ್ಯಾಕ್. ಸೆಲ್ ಮಾಡುವುದು ಬೇರೆಯದೇ ವಿದ್ಯೆ. ತಾಮ್ರ, ಅಲ್ಯುಮಿನಿಯಂ ಹಾಳೆಗಳ ಮೇಲೆ ಲೇಪ ಒಂದೇ ಸಮ ಕೂರಬೇಕು. ತೇವ ತಾಗಿದರೆ ಸೆಲ್ಲಿನೊಳಗಿನ ಎಲೆಕ್ಟ್ರೋಲೈಟ್ ದ್ರಾವಣ ಕೆಡುವುದರಿಂದ ಮುಂದಿನ ಕೆಲಸ ತೇವಾಂಶ ಹೀರಿ ತೆಗೆದ ಕೋಣೆಯಲ್ಲೇ ನಡೆಯಬೇಕು. ನಮ್ಮ ಮಳೆಗಾಲದಲ್ಲಿ ಅದಕ್ಕೆ ತಗಲುವ ಕರೆಂಟು ಬಿಲ್ಲನ್ನು ನೆನೆಸಿಕೊಳ್ಳಿ. ತಯಾರಾದ ಸೆಲ್ಲನ್ನು ಚಾರ್ಜ್ ಮಾಡಿ ದಿನಗಟ್ಟಲೆ ಇಟ್ಟು ಪರೀಕ್ಷಿಸಿದ ಮೇಲೆಯೇ ಹೊರಗೆ ಬಿಡುವುದು. ದೇವನಹಳ್ಳಿ ಬಳಿ ಎಕ್ಸೈಡ್, ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಓಲಾ ಕೈ ಹಾಕಿರುವುದು ಈ ಸೆಲ್ ಕೆಲಸಕ್ಕೇ.

ತಪ್ಪು ಕಲ್ಪನೆ: ಹಣ ಸುರಿದರೆ ಸಾಕು.

ವಾಸ್ತವ: 2021ರಲ್ಲಿ ಕೇಂದ್ರ ಸರ್ಕಾರ 50 ಗಿಗಾವಾಟ್ ಅವರ್ ಸೆಲ್ ತಯಾರಿಕಾ ಸಾಮರ್ಥ್ಯದ ಗುರಿಗೆ 18,100 ಕೋಟಿ ರೂಪಾಯಿಯ ಪ್ರೋತ್ಸಾಹಧನ ಘೋಷಿಸಿತು. ಅದು ಬೇಕಾದದ್ದೇ. ಆದರೆ ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್‌ಗೆ ಆರಂಭದಲ್ಲಿ ಹಣಕ್ಕೂ ಬರವಿರಲಿಲ್ಲ, ಉತ್ತರದ ಶೆಲೆಫ್ಟಿಯೋದಲ್ಲಿ ಅಗ್ಗದ ಜಲವಿದ್ಯುತ್ತಿಗೂ ಬರವಿರಲಿಲ್ಲ. ಒಪ್ಪಿಕೊಂಡಷ್ಟು ಸೆಲ್‌ಗಳನ್ನು ಹೇಳಿದ ಹೊತ್ತಿಗೆ ಕೊಡಲಾಗದೆ 2024ರಲ್ಲಿ ಬಿಎಂಡಬ್ಲ್ಯೂನ ದೊಡ್ಡ ಆರ್ಡರು ಕೈತಪ್ಪಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ನಿಮ್ಮ ಜಿಲ್ಲೆಗೆ ಬ್ಯಾಟರಿ ಕಾರ್ಖಾನೆ ಬರುತ್ತದೆಂದು ಯಾರಾದರೂ ಹೇಳಿದರೆ, ಅಲ್ಲಿ ಮಾಡುವುದು ಸೆಲ್ಲೋ ಪ್ಯಾಕೋ ಎಂದು ಮೊದಲು ಕೇಳಿ.