ಬೆಲೆ ಕಮ್ಮಿ, ಹರಿತ ಜಾಸ್ತಿ: ಬ್ಯಾಗಿನಲ್ಲಿರಲಿ ಒಂದು ಮಡಚುವ ಚಾಕು

ರೈಲಿನಲ್ಲಿ ಕೂತಿದ್ದೀರಿ. ಅರಸೀಕೆರೆ ದಾಟುತ್ತಿದ್ದಂತೆ ಮಗಳಿಗೆ ಹಸಿವು ಶುರು. ಬ್ಯಾಗಿನಲ್ಲಿ ಸೇಬಿದೆ, ಸೌತೆಕಾಯಿ ಇದೆ, ಉಪ್ಪು-ಖಾರದ ಪೊಟ್ಟಣವೂ ಇದೆ. ಚಾಕು ಮಾತ್ರ ಇಲ್ಲ! ಅಡುಗೆಮನೆ ಚಾಕುವನ್ನೇ ಪೇಪರಿನಲ್ಲಿ ಸುತ್ತಿ ತರೋಣ ಅಂದುಕೊಂಡಿರಿ, ಬ್ಯಾಗ್ ಹರಿದೀತು ಅಂತ ಅಲ್ಲೇ ಬಿಟ್ಟು ಬಂದಿರಿ. ಈಗ ಎದುರು ಸೀಟಿನವರನ್ನು "ನಿಮ್ಮ ಹತ್ರ ಚಾಕು ಇದೆಯೇನ್ರೀ?" ಅಂತ ಕೇಳಬೇಕು. ಇಲ್ಲವೇ ಸೌತೆಕಾಯಿಯನ್ನು ಹಲ್ಲಿನಲ್ಲೇ ಕಚ್ಚಿ ತಿನ್ನಬೇಕು.

ನಮ್ಮ ಅಜ್ಜಿಯಂದಿರಿಗೆ ಈ ತೊಂದರೆ ಇರಲಿಲ್ಲ ನೋಡಿ. ಸೊಂಟದಲ್ಲಿ ಎಲೆ-ಅಡಿಕೆ ಸಂಚಿ, ಸಂಚಿಯೊಳಗೆ ಅಡಕತ್ತರಿ ಇದ್ದೇ ಇರುತ್ತಿತ್ತು. ಸಂಚಿ ಹೋಗಿ ವ್ಯಾನಿಟಿ ಬ್ಯಾಗ್ ಬಂತು. ಅದರಲ್ಲಿ ಲಿಪ್‌ಸ್ಟಿಕ್, ಸೇಫ್ಟಿ ಪಿನ್ನು, ತಲೆನೋವಿನ ಮಾತ್ರೆ, ಹಳೇ ಬಸ್ ಟಿಕೆಟ್ ಎಲ್ಲಕ್ಕೂ ಜಾಗ ಉಂಟು, ಕೊಯ್ಯುವ ಸಾಧನಕ್ಕೆ ಮಾತ್ರ ಇಲ್ಲ. ಮಡಚುವ ಚಾಕು ಅಂದ್ರೆ ಅದೇನೋ ಗಂಡಸರ ವಸ್ತು, ಬೆಟ್ಟ ಹತ್ತುವ ಹುಡುಗರ ಶೋಕಿ ಅಂತ ನಾವೇ ದೂರ ಇಟ್ಟುಬಿಟ್ಟಿದ್ದೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಅಕ್ಕನ ಮಗ ವಿದೇಶದಿಂದ ಬರುವಾಗ ನಮ್ಮ ಯಜಮಾನರಿಗೆ ಒಂದು ಚಾಕು ತಂದ. ಕಪ್ಪು ಬಣ್ಣ, ಸೇನೆಯವರದ್ದರಂತೆ ದಪ್ಪ, ಕೈಯಲ್ಲಿ ಹಿಡಿದರೆ ಒಳ್ಳೇ ಭಾರ. ಬೆಲೆ ಕೇಳಿ ನನಗೆ ತಲೆ ತಿರುಗಿತು. ಅವತ್ತು ಸಂಜೆಯೇ ಅದರಲ್ಲಿ ಸೇಬು ಕೊಯ್ಯಲು ಕೂತೆ. ಅರ್ಧದವರೆಗೆ ಇಳಿಯಿತು, ಆಮೇಲೆ 'ಟಪ್' ಅಂತ ಸೇಬು ಸೀಳಿ ಒಂದು ಹೋಳು ಸೋಫಾ ಕೆಳಗೆ ಹೋಯಿತು. ಅದು ಕೊಯ್ದದ್ದಲ್ಲ, ಸೌದೆ ಸೀಳಿದ ಹಾಗೆ ಸೀಳಿದ್ದು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂಗತಿ ನಡೀತಿತ್ತು. ನಮ್ಮ ಅತ್ತೆಗೆ ಬೆರಳಿನ ಗೆಣ್ಣುಗಳಲ್ಲಿ ನೋವು, ಊತ. ಮಧ್ಯಾಹ್ನ ಊಟವಾದ ಮೇಲೆ ತಾವೇ ಒಂದು ಹಣ್ಣು ಹೆಚ್ಚಿಕೊಂಡು ತಿನ್ನುವುದು ಅವರಿಗೆ ಎಷ್ಟೋ ವರ್ಷದ ರೂಢಿ. ಅದನ್ನು ನಿಲ್ಲಿಸಿಬಿಟ್ಟಿದ್ದರು. "ಯಾಕತ್ತೆ, ಹಣ್ಣು ಬೇಡ್ವಾ?" ಅಂದರೆ "ಹಸಿವಿಲ್ಲಮ್ಮ" ಅನ್ನೋರು. ನಿಜ ಏನು ಗೊತ್ತಾ? ನಮ್ಮನೆ ಅಡುಗೆಮನೆ ಚಾಕು ಮೊಂಡಾಗಿತ್ತು. ಒತ್ತಿ ಕೊಯ್ಯಲು ಅವರ ಬೆರಳಿಗೆ ಆಗುತ್ತಿರಲಿಲ್ಲ, ನನ್ನನ್ನು ಕರೆದು ಕೇಳಲು ಮನಸ್ಸಿಗೂ ಆಗುತ್ತಿರಲಿಲ್ಲ. ಇದು ನನಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯ್ತು, ನಾಚಿಕೆಯಿಂದಲೇ ಹೇಳ್ತಿದ್ದೇನೆ.

ಆ ವರ್ಷ ಊರ ಜಾತ್ರೆಯಲ್ಲಿ ಕುಡುಗೋಲು, ತುರಿಮಣೆ ಮಾರುವವನ ಹತ್ತಿರ ಮರದ ಹಿಡಿಯ ಪುಟ್ಟ ಮಡಚುವ ಚಾಕು ಕಂಡಿತು. ಎಂಬತ್ತು ರೂಪಾಯಿ. ಸ್ಪ್ರಿಂಗ್ ಇಲ್ಲ, ಬಟನ್ ಇಲ್ಲ. ಒಂದು ಮೊಳೆ, ಒಂದು ತೆಳ್ಳನೆ ಅಲಗು, ಅಷ್ಟೇ. ಮನೆಗೆ ತಂದು ಕಲ್ಲಿನ ಮೇಲೆ ಹತ್ತು ನಿಮಿಷ ಮಸೆದೆ. ಟೊಮೆಟೊ ಮೇಲಿಟ್ಟು ಹಾಗೇ ಎಳೆದರೆ ಸಿಪ್ಪೆ ಸಮೇತ ಇಳಿದುಹೋಯಿತು. ಅತ್ತೆ ಕೈಗೆ ಕೊಟ್ಟೆ. ಮರುದಿನ ಮಧ್ಯಾಹ್ನ ತಾವೇ ಸೀಬೆಹಣ್ಣು ಹೆಚ್ಚಿ ನನಗೂ ಎರಡು ಹೋಳು ತಂದುಕೊಟ್ಟರು.

ಗುಟ್ಟು ಇರೋದು ತೆಳುವಿನಲ್ಲಿ

ಎಂಬತ್ತು ರೂಪಾಯಿ ಚಾಕು ಗೆದ್ದದ್ದು ಹೇಗೆ? ಇದರಲ್ಲಿ ಮಾಯಮಂತ್ರ ಏನಿಲ್ಲ. ಚಾಕು ಹಣ್ಣಿನೊಳಗೆ ಇಳಿದ ಮೇಲೆ ಅಲಗಿನ ದಪ್ಪಕ್ಕೆ ಜಾಗ ಬೇಕಲ್ಲ, ಹಣ್ಣು ಎರಡು ಕಡೆಗೂ ಸರಿಯಬೇಕು. ಶೋಕಿ ಚಾಕುಗಳ ಬೆನ್ನು ಮೂರು-ನಾಲ್ಕು ಮಿಲಿಮೀಟರ್ ದಪ್ಪ ಇರುತ್ತೆ. ಒಳ್ಳೇ ಹಣ್ಣಿನ ಚಾಕುವಿನದು ಅದರ ಅರ್ಧವೂ ಇರೋದಿಲ್ಲ. ದಪ್ಪನೆಯದು ಎಷ್ಟೇ ಹರಿತವಾಗಿರಲಿ, ಕೊನೆಗೆ ಬೆಣೆಯ ಕೆಲಸವನ್ನೇ ಮಾಡುತ್ತೆ. ಮರ ಕಡಿಯಲು, ಡಬ್ಬ ಮೀಟಲು ಅದು ಸರಿ. ನಮಗೆ ಬೇಕಿರೋದು ಮಾವಿನಹಣ್ಣು, ಬ್ರೆಡ್ಡು, ಕೊರಿಯರ್ ಪೊಟ್ಟಣದ ಟೇಪು, ಹೂವಿನ ದಾರ ಕೊಯ್ಯಲು ತಾನೇ?

ಇನ್ನು ಸ್ಟೀಲು. ಗಟ್ಟಿ ಸ್ಟೀಲಿನ ಹರಿತ ಹೆಚ್ಚು ದಿನ ನಿಲ್ಲುತ್ತೆ, ಆದರೆ ಮಸೆಯಲು ಅಷ್ಟೇ ಕಷ್ಟ. ಕಡಿಮೆ ಬೆಲೆಯ ಮೆತ್ತನೆ ಸ್ಟೀಲು ಬೇಗ ಮೊಂಡಾಗುತ್ತೆ, ಐದು ನಿಮಿಷ ಮಸೆದರೆ ಮತ್ತೆ ಹೊಸದರಂತೆ ಆಗುತ್ತೆ. ಮನೆಯಲ್ಲೇ ಮಸೆಯಲು ಕಲಿತವರಿಗೆ ಎರಡನೆಯದೇ ಲಾಭ ಅನ್ನೋದು ನನ್ನ ಅಭಿಪ್ರಾಯ.

ದೊಡ್ಡ ಹೆಸರು, ಸಾದಾ ಚಾಕು

ಇದು ನಮ್ಮ ಜಾತ್ರೆಯ ಕಥೆ ಮಾತ್ರ ಅಲ್ಲ. ಫ್ರಾನ್ಸಿನ ಸವೋಯ್ ಎಂಬ ಗುಡ್ಡಗಾಡಿನಲ್ಲಿ ಜೋಸೆಫ್ ಓಪಿನೆಲ್ ಅನ್ನುವವರು 1890ರಲ್ಲಿ ರೈತರಿಗಾಗಿ ಒಂದು ಮಡಚುವ ಚಾಕು ಮಾಡಿದರು. ಮರದ ಹಿಡಿ, ತೆಳ್ಳನೆ ಅಲಗು. ಅದೇ ಓಪಿನೆಲ್ ಚಾಕು ಇವತ್ತಿಗೂ ಹೆಚ್ಚುಕಮ್ಮಿ ಅದೇ ರೂಪದಲ್ಲಿ ತಯಾರಾಗುತ್ತೆ. ಅಳತೆಗೊಂದು ನಂಬರು: 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ಬ್ಯಾಗಿಗೆ 6 ಅಥವಾ 7 ಸಾಕು. 1955ರಿಂದ ಇದಕ್ಕೆ ಕುತ್ತಿಗೆಯಲ್ಲಿ ತಿರುಗಿಸುವ ಉಂಗುರ ಸೇರಿಕೊಂಡಿದೆ. ಅದನ್ನು ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳೋದಿಲ್ಲ. ಅಲ್ಲಿ ಅಗ್ಗ, ಇಲ್ಲಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತೆ ಅನ್ನೋದೊಂದೇ ಬೇಜಾರು.

ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇನ್ನೂ ಸರಳ. ಮಡಚಿದ ತಗಡೇ ಅದರ ಹಿಡಿ. ಹಿಂದೆ ಅಲ್ಲಿನ ಶಾಲಾ ಮಕ್ಕಳು ಪೆನ್ಸಿಲ್ ಚೂಪು ಮಾಡಲು ಇದನ್ನೇ ಇಟ್ಟುಕೊಳ್ಳುತ್ತಿದ್ದರಂತೆ. ನಮ್ಮ ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಬ್ಲೇಡು ಇರುತ್ತಿದ್ದ ಹಾಗೆ ಅನ್ನಿ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಅಂದರೆ ಎಲ್ಲರಿಗೂ ಕೆಂಪು ಬಣ್ಣದ, ಹತ್ತಾರು ಕೈಗಳ ಚಾಕುವೇ ನೆನಪಾಗುತ್ತೆ. ಅದೇ ಕಂಪನಿಯ ಪ್ಲಾಸ್ಟಿಕ್ ಹಿಡಿಯ, ಗರಗಸದ ಹಲ್ಲಿನಂಥ ಅಂಚಿನ ಟೊಮೆಟೊ ಚಾಕು ಅದಕ್ಕಿಂತ ಎಷ್ಟೋ ಅಗ್ಗ. ಅದೇ ಜಾತಿಯಲ್ಲಿ ಮಡಚುವಂಥದ್ದೂ ಬರುತ್ತೆ. ಬ್ರೆಡ್, ಟೊಮೆಟೊ, ಕಿತ್ತಳೆಗೆ ಇದರಷ್ಟು ಚೆನ್ನಾಗಿ ಓಡುವುದು ಕಡಿಮೆ. ಆದರೆ ಹಲ್ಲಿನ ಅಂಚನ್ನು ಮನೆಯಲ್ಲಿ ಮಸೆಯುವುದು ಕಷ್ಟ.

ನಮ್ಮಲ್ಲೇ ಸಿಗುವ, ಯಾರೂ ತಿರುಗಿ ನೋಡದ ಇನ್ನೊಂದು ಚಾಕು ಗಿಡಗಳಿಗೆ ಕಸಿ ಕಟ್ಟುವವರದು. ತೋಟಗಾರಿಕೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ತೋಟದ ಸಾಮಾನಿನ ಮಳಿಗೆಗಳಲ್ಲೂ ಒಮ್ಮೆ ವಿಚಾರಿಸಿ. ಎಳೆ ಕೊಂಬೆಯನ್ನು ನಜ್ಜುಗುಜ್ಜಾಗದಂತೆ ಕೊಯ್ಯಬೇಕಾದ ಚಾಕು ಅದು, ಹರಿತ ಇರಲೇಬೇಕು. ಕೆಲವಕ್ಕೆ ಒಂದೇ ಬದಿಯಲ್ಲಿ ಸಾಣೆ ಹಿಡಿದಿರುತ್ತಾರೆ, ಅಂಥದ್ದರಲ್ಲಿ ಹಣ್ಣು ಕೊಯ್ದರೆ ಹೋಳು ಓರೆಯಾಗುತ್ತೆ. ಎರಡೂ ಬದಿ ಸಾಣೆ ಇರೋದನ್ನು ಆರಿಸಿ. ಗಿಡಕ್ಕೊಂದು, ಹಣ್ಣಿಗೊಂದು ಬೇರೆ ಬೇರೆ ಇರಲಿ, ಪ್ಲೀಸ್!

ಅಂಗಡಿಯಲ್ಲಿ ಹೀಗೆ ನೋಡಿ

ಚಾಕು ಬಿಚ್ಚಿ ಅಲಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ. 'ಲೊಟಲೊಟ' ಅಂದರೆ ಕೆಳಗಿಡಿ. ಮಡಚಿದಾಗ ಅಲಗು ಹಿಡಿಯ ಸೀಳಿನ ನಡುವೆ ಕೂರಬೇಕು, ಚೂಪು ತುದಿ ಎಲ್ಲೂ ಹೊರಗೆ ಇಣುಕಬಾರದು. ಬ್ಯಾಗಿಗೆ ಕೈ ಹಾಕಿದಾಗ ಮೊದಲು ಸಿಗುವುದು ಆ ತುದಿಯೇ. ಬೆಳಕಿಗೆ ಹಿಡಿದು ಅಂಚನ್ನು ನೇರವಾಗಿ ನೋಡಿ. ಅಂಚಿನುದ್ದಕ್ಕೂ ಬಿಳಿ ಗೆರೆ ಹೊಳೆದರೆ ಮೊಂಡು ಅಂತ ಅರ್ಥ, ಹರಿತ ಅಂಚು ಬೆಳಕನ್ನು ತೋರಿಸೋದಿಲ್ಲ. ಅಗ್ಗದ ಚಾಕು ಅಂಗಡಿಯಲ್ಲಿ ಮೊಂಡಾಗಿದ್ದರೆ ಚಿಂತೆ ಬೇಡ, ಮನೆಯಲ್ಲಿ ಮಸೆದರೆ ಆಯ್ತು. ಕೀಲು ಸರಿ ಇಲ್ಲದಿದ್ದರೆ ಮಾತ್ರ ಬೇಡವೇ ಬೇಡ.

ಲಾಕ್ ಇಲ್ಲದ ಚಾಕುವಿನಲ್ಲಿ ತುದಿಯಿಂದ ಚುಚ್ಚಬೇಡಿ. ಎಳನೀರಿಗೆ ತೂತು ಮಾಡೋದು, ಡಬ್ಬ ತೆಗೆಯೋದು ಬೇಡ. ಅಲಗು ಮಡಚಿ ಬೆರಳಿಗೇ ಬರುತ್ತೆ. ಕೈಬೆರಳು ನೋಯುವವರಿಗೆ ಕೊಡುವುದಾದರೆ ಬಿಚ್ಚಲು ಎಷ್ಟು ಬಿಗಿ ಅನ್ನೋದನ್ನು ಅವರ ಕೈಯಲ್ಲೇ ಪರೀಕ್ಷಿಸಿ. ಬಿಗಿ ಸ್ಪ್ರಿಂಗಿನ ಚಾಕುವಿನಲ್ಲಿ ಉಗುರು ಸಿಕ್ಕಿಸಿ ಎಳೆಯುವುದು ಅವರಿಗೆ ಆಗದ ಕೆಲಸ.

ಭರಣಿಯ ತಳವೇ ಸಾಣೆ ಕಲ್ಲು

ಸಾಣೆ ಕಲ್ಲು ಇಲ್ಲವೇ? ಉಪ್ಪಿನಕಾಯಿ ಹಾಕುವ ಪಿಂಗಾಣಿ ಭರಣಿಯನ್ನು ಖಾಲಿ ಮಾಡಿ ಬೋರಲು ಹಾಕಿ. ತಳದ ಸುತ್ತ ಹೊಳಪಿಲ್ಲದ, ಒರಟಾದ ಬಳೆಯಂಥ ಭಾಗ ಇದೆಯಲ್ಲ, ಅದೇ ನಿಮ್ಮ ಸಾಣೆ. ಕಾಫಿ ಮಗ್ಗಿನ ತಳವೂ ಆದೀತು. ಚಾಕುವನ್ನು ಮೊದಲು ಮಟ್ಟಸವಾಗಿ ಮಲಗಿಸಿ, ಆಮೇಲೆ ಬೆನ್ನನ್ನು ಸ್ವಲ್ಪ ಎತ್ತಿ. ಎಷ್ಟು ಅಂದರೆ, ಮೂರು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅದೇ ಓರೆಯಲ್ಲಿ, ಜಾಸ್ತಿ ಒತ್ತದೆ, ಹಿಡಿಯ ಬುಡದಿಂದ ತುದಿವರೆಗೆ ಎಳೆಯಿರಿ. ಒಂದು ಬದಿಗೆ ಹತ್ತು ಸಲ, ಇನ್ನೊಂದು ಬದಿಗೆ ಹತ್ತು ಸಲ. ಹಳೇ ಪೇಪರಿನ ಹಾಳೆ ಎತ್ತಿ ಹಿಡಿದು ಕೊಯ್ದು ನೋಡಿ. ಸರಕ್ಕನೆ ಹೋದರೆ ಆಯ್ತು, ಹರಿದರೆ ಇನ್ನೊಂದು ಸುತ್ತು. ಮೊದಲ ದಿನ ಸರಿ ಬರಲ್ಲ. ನನಗೂ ಬಂದಿರಲಿಲ್ಲ. ಮಸೆದ ಮೇಲೆ ಚಾಕು ತೊಳೆದು ಒರೆಸಿ, ಕಣ್ಣಿಗೆ ಕಾಣದ ಸ್ಟೀಲಿನ ಪುಡಿ ಇರುತ್ತೆ.

"ಹರಿತ ಚಾಕು ಅಪಾಯ ಅಲ್ವಾ?" ಅಂತ ಕೇಳಬಹುದು. ಮೊಂಡು ಚಾಕುವನ್ನು ಬಲ ಹಾಕಿ ಒತ್ತುತ್ತೇವೆ, ಟೊಮೆಟೊ ಮೇಲಿಂದ ಜಾರಿ ಎಡಗೈ ಹೆಬ್ಬೆರಳಿಗೆ ಇಳಿಯುತ್ತೆ. ನಿಮ್ಮ ಹೆಬ್ಬೆರಳನ್ನೇ ಕೇಳಿ ನೋಡಿ, ಗಾಯದ ಗುರುತು ಇದ್ದೇ ಇರುತ್ತೆ! ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡುವ ಎಚ್ಚರ ಮಾತ್ರ ಎರಡಕ್ಕೂ ಬೇಕು.

ಸ್ಟೇನ್‌ಲೆಸ್ ಅಲ್ಲದ ಕಬ್ಬಿಣದ ಜಾತಿಯ ಅಲಗು ನಿಂಬೆ, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತೆ. ಗಾಬರಿ ಬೇಡ, ಅದು ಕಲೆ ಅಷ್ಟೇ. ಕೆಂಪಗಿನ ಪುಡಿ ಕಂಡರೆ ಅದು ತುಕ್ಕು, ಉಜ್ಜಿ ತೆಗೆಯಬೇಕು. ಕೊಯ್ದ ತಕ್ಷಣ ಒರೆಸಿ, ರಾತ್ರಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಸಿಂಕಿನಲ್ಲಿ ಪಾತ್ರೆಗಳ ಜೊತೆ ನೆನೆಹಾಕಲೇಬೇಡಿ. ಕರಾವಳಿ, ಮಲೆನಾಡಿನವರಿಗೆ ಒಂದು ಮಾತು: ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ಅಲಗು ಒಳಗೇ ಕಚ್ಚಿಕೊಳ್ಳುತ್ತೆ. ಓಪಿನೆಲ್‌ಗೂ ಇದೇ ಕಾಯಿಲೆ. ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಅಲಗು ತಾನಾಗಿ ಸ್ವಲ್ಪ ಹೊರಬರುತ್ತೆ. ಸವೋಯ್ ಜನರೂ ಹೀಗೇ ಮಾಡ್ತಾರೆ.

ಬ್ಯಾಗಿನಲ್ಲಿ ಇಡುವ ಮುನ್ನ ಇದನ್ನೂ ತಿಳಿದಿರಿ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಪ್ರಶ್ನೆ ಬರುವುದು ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದಾಗ. ಮನೆಬಳಕೆಯ ಚಾಕುಗಳಿಗೆ ಅದರಲ್ಲೂ ವಿನಾಯಿತಿ ಇದೆ. ಮೂರು ಇಂಚಿನ ಹಣ್ಣಿನ ಚಾಕು ಅದರ ಹತ್ತಿರಕ್ಕೂ ಹೋಗೋದಿಲ್ಲ. ಆದರೂ ಬಟನ್ ಒತ್ತಿದರೆ ಛಟ್ಟನೆ ತೆರೆಯುವ ಚಾಕು ಬೇಡ, ಅದನ್ನು ಪೊಲೀಸರು ನೋಡುವ ಕಣ್ಣೇ ಬೇರೆ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಮೆಟ್ರೋ, ಮಾಲ್‌ಗೆ ಹೋಗುವ ದಿನ ಮನೆಯಲ್ಲೇ ಬಿಡಿ. ತಪಾಸಣೆಯಲ್ಲಿ ಸಿಕ್ಕಿಬಿದ್ದು ವಾದ ಮಾಡುವ ಪಾಡು ಯಾಕೆ?

ಅಂದ ಹಾಗೆ, ಅಕ್ಕನ ಮಗ ತಂದ ಆ ಕಪ್ಪು ಚಾಕು ಬೀರುವಿನಲ್ಲಿ ಪೆಟ್ಟಿಗೆ ಸಮೇತ ಭದ್ರವಾಗಿದೆ. ಎಂಬತ್ತು ರೂಪಾಯಿಯದು ಅತ್ತೆಯ ತಲೆದಿಂಬಿನ ಪಕ್ಕದ ಡಬ್ಬಿಯಲ್ಲಿ. ಎರವಲು ಕೇಳಿದರೆ ಕೊಡ್ತಾರೆ, "ಒರೆಸಿ ತಂದಿಡಮ್ಮ" ಅನ್ನೋದನ್ನು ಮಾತ್ರ ಮರೆಯೋದಿಲ್ಲ.