ಮನೆಯ ಫೋಟೊ ಮನೆಯಲ್ಲೇ ಇರಲಿ: ಅರೆಕೆರೆಯಲ್ಲಿ ನಾವು ಕೂರಿಸಿದ ಪೆಟ್ಟಿಗೆ

ಊರಿನಿಂದ ನಮ್ಮ ಅರೆಕೆರೆಯ ಮನೆಗೆ ಯಾರೇ ಬರಲಿ, ಸಲಾಂ ಹೇಳಿ ಚೀಲ ಕೆಳಗಿಟ್ಟ ಮೇಲೆ ಮೊದಲು ಕೇಳುವುದು ವೈಫೈ ಪಾಸ್‌ವರ್ಡ್. ಚಹಾ ಆಮೇಲೆ. ಬನ್ನೇರುಘಟ್ಟ ರಸ್ತೆಯ ಬದಿಯ ಮನೆ ಆದ್ದರಿಂದ ಜಯದೇವ ಆಸ್ಪತ್ರೆಗೆ ತೋರಿಸಲು ಬರುವ ಮಾಮಂದಿರು, ಇಂಟರ್‌ವ್ಯೂಗೆ ಬರುವ ಹುಡುಗರು, ವೀಸಾ ಕೆಲಸಕ್ಕೆ ಬಂದವರು ಎಲ್ಲರಿಗೂ ನಮ್ಮದೇ ತಂಗುದಾಣ. ಬೆಂಗಳೂರಿನಲ್ಲಿರುವ ಬ್ಯಾರಿ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಾಸ್‌ವರ್ಡ್ ವಿಷಯಕ್ಕೆ ಮತ್ತೆ ಬರುತ್ತೇವೆ, ಅದರಲ್ಲಿ ಒಂದು ಪಾಠ ಉಂಟು.

ಎರಡು ವರ್ಷದ ಹಿಂದೆ ನಮ್ಮ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಬಿಟ್ಟಿತು. ಅದರೊಳಗೆ ಮಗಳ ಮೊದಲ ನಾಲ್ಕು ವರ್ಷದ ಫೋಟೊಗಳು, ಊರಿನ ಜಾಗದ ಆರ್‌ಟಿಸಿ ಮತ್ತು ಕ್ರಯಪತ್ರದ ಸ್ಕ್ಯಾನ್, ತಂಗಿಯ ಮದುವೆಯ ಇಡೀ ಆಲ್ಬಂ ಇತ್ತು. ರಿಪೇರಿ ಅಂಗಡಿಯಲ್ಲಿ ತೋರಿಸಿದಾಗ, "ಎರಡು ದಿನ ಇಲ್ಲೇ ಬಿಟ್ಟು ಹೋಗಿ, ಡೇಟಾ ತೆಗೆದು ಬೇರೆ ಡಿಸ್ಕ್‌ಗೆ ಹಾಕಿ ಕೊಡ್ತೇವೆ, ಎಲ್ಲ ಬಂತಾ ಅಂತ ತೆರೆದು ನೋಡ್ಬೇಕಾಗ್ತದೆ" ಅಂದರು. ತೆರೆದು ನೋಡುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ನಾವು ಮುಖ ಮುಖ ನೋಡಿಕೊಂಡೆವು. ಮೈಲಾಂಜಿ ರಾತ್ರಿಯ ಫೋಟೊ ಅದರಲ್ಲಿದೆ. ಹೆಣ್ಮಕ್ಕಳು ತಮ್ಮ ತಮ್ಮೊಳಗೆ ಇದ್ದೇವೆಂಬ ಧೈರ್ಯದಲ್ಲಿ ತಲೆಗೆ ಬಟ್ಟೆಯಿಲ್ಲದೆ ಕೂತು ನಗುತ್ತಿರುವ ಫೋಟೊಗಳು. ಅಂಗಡಿಯವರು ಕೆಟ್ಟವರು ಅಂತಲ್ಲ. ಆದರೆ ಆ ಫೋಟೊ ನಮ್ಮದು ಮಾತ್ರ ಅಲ್ಲ, ಅದರಲ್ಲಿರುವ ಇಪ್ಪತ್ತು ಮೂವತ್ತು ಜನರದ್ದು. ಅವರನ್ನು ಕೇಳದೆ ಕೊಡುವುದು ಹೇಗೆ? ಡಿಸ್ಕ್ ವಾಪಸ್ ತಂದೆವು. ಈಗಲೂ ಕಪಾಟಿನಲ್ಲಿ ಹಾಗೇ ಇದೆ.

"ಎಲ್ಲ ಗೂಗಲ್‌ನಲ್ಲಿ ಹಾಕಿದ್ರೆ ಆಗ್ತಿತ್ತಲ್ಲ" ಎಂದವರಿದ್ದಾರೆ. ನಾವೂ ಹಾಕುತ್ತಿದ್ದೆವು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ಇಡುವುದು ನಿಂತಿತು. ಇಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ, ಅದರ ಮೇಲೆ ತಿಂಗಳ ಬಾಡಿಗೆ. ಬಾಡಿಗೆ ಕೊಡಬಹುದು, ತಪ್ಪೇನಿಲ್ಲ. ಆದರೆ ಹೆಣ್ಮಕ್ಕಳ ಫೋಟೊ ಮನೆಯೊಳಗೇ ಇರಲಿ ಎಂದು ಮನೆಯ ಹೆಂಗಸರೇ ಹೇಳಿದ ಮೇಲೆ ಬೇರೆ ದಾರಿ ಹುಡುಕಬೇಕಾಯಿತು.

ಮೊದಲು ಅಗ್ಗದ ದಾರಿ ಹಿಡಿದೆವು. ಇಂಟರ್‌ನೆಟ್ ಹಾಕಿಸಿದಾಗ ಕೊಟ್ಟ ರೂಟರ್ ಹಿಂದೆ ಒಂದು ಯುಎಸ್‌ಬಿ ತೂತು ಇರುತ್ತದೆ, ನೋಡಿದ್ದೀರಾ? ಅದಕ್ಕೆ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮನೆಯ ಎಲ್ಲ ಮೊಬೈಲ್, ಲ್ಯಾಪ್‌ಟಾಪ್‌ಗಳಿಗೂ ವೈಫೈ ಮೂಲಕ ಆ ಡಿಸ್ಕ್ ಕಾಣಬೇಕು. ರೂಟರ್ ಅಡಿಯ ಚೀಟಿಯಲ್ಲಿರುವ ವಿಳಾಸ, ಹೆಚ್ಚಾಗಿ 192.168.1.1, ಬ್ರೌಸರ್‌ನಲ್ಲಿ ಹೊಡೆದು ಒಳಹೊಕ್ಕು ಫೈಲ್ ಶೇರಿಂಗ್ ಆನ್ ಮಾಡಿದೆವು. ಮೊಬೈಲ್‌ನಲ್ಲಿ ಕಂಡಿತು. ಹೊಸ ಲ್ಯಾಪ್‌ಟಾಪಿನಲ್ಲಿ ಏನು ಮಾಡಿದರೂ ಕಾಣಲಿಲ್ಲ. ಎರಡು ರಾತ್ರಿ ಅದರಲ್ಲೇ ಹೋಯಿತು.

ಕಾರಣ ಆಮೇಲೆ ತಿಳಿಯಿತು. ಇಂಥ ರೂಟರ್‌ಗಳಲ್ಲಿ ಹಲವು ಫೈಲ್ ಹಂಚುವುದು ಎಸ್‌ಎಂಬಿ ಎಂಬ ಪದ್ಧತಿಯ ತೀರಾ ಹಳೆಯ, ಮೊದಲನೇ ಆವೃತ್ತಿಯಲ್ಲಿ. 2017ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವಾನ್ನಾಕ್ರೈ ವೈರಸ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರಿದ್ದು ಇದೇ ಹಳೆಯ ಬಾಗಿಲಿನಿಂದ. ಆ ವರ್ಷದ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನೇ ಬಿಟ್ಟಿತು. ಸೆಟ್ಟಿಂಗ್‌ಗೆ ಹೋಗಿ ಮತ್ತೆ ಆನ್ ಮಾಡಬಹುದು, ಯೂಟ್ಯೂಬ್‌ನಲ್ಲಿ ಹತ್ತು ಜನ ಹೇಳಿಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ಡಿಸ್ಕ್ ಕಾಣಲಿ ಎಂದು ಮನೆಯ ಹಿಂಬಾಗಿಲಿನ ಚಿಲಕ ತೆಗೆದಿಟ್ಟ ಹಾಗೆ ಆಗುತ್ತದೆ. ನಿಮ್ಮ ರೂಟರ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಎಂದಿದ್ದರೆ ಈ ಅಗ್ಗದ ದಾರಿಯೇ ಸಾಕು, ಮುಂದಿನ ಖರ್ಚು ಬೇಡ. ಡಿಸ್ಕ್‌ನ ಫಾರ್ಮ್ಯಾಟ್ ಮಾತ್ರ ನೋಡಿಕೊಳ್ಳಿ. ಎಫ್‌ಎಟಿ 32 ಇದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಸುವುದಿಲ್ಲ, ಮದುವೆ ವಿಡಿಯೊ ಅಲ್ಲೇ ಅರ್ಧಕ್ಕೆ ನಿಲ್ಲುತ್ತದೆ.

ನಮ್ಮದರಲ್ಲಿ ಇರಲಿಲ್ಲ. ಹಾಗಾಗಿ ಒಂದು ಶನಿವಾರ ಎಸ್‌ಪಿ ರೋಡ್‌ಗೆ ಹೋದೆವು. "ವೈರ್‌ಲೆಸ್ ಹಾರ್ಡ್ ಡಿಸ್ಕ್ ಬೇಕು" ಅಂದದ್ದಕ್ಕೆ ಅಂಗಡಿಯ ಹುಡುಗ ನಕ್ಕ. ಬ್ಯಾಟರಿ ಇರುವ, ತಾನೇ ವೈಫೈ ಬಿಡುವ ಡಿಸ್ಕ್‌ಗಳು ಹಿಂದೆ ಬರುತ್ತಿದ್ದವು, ಅವು ಪ್ರಯಾಣಕ್ಕೆ. ಮನೆಗೆ ಬೇಕಾದದ್ದು ನ್ಯಾಸ್ ಎಂದು ಕರೆಯುವ ಪುಟ್ಟ ಪೆಟ್ಟಿಗೆ. ಅದಕ್ಕೆ ವೈಫೈ ಇರಬೇಕೆಂದಿಲ್ಲ. ರೂಟರ್‌ಗೆ ಒಂದು ಲ್ಯಾನ್ ವೈರ್‌ನಲ್ಲಿ ಜೋಡಿಸಿದರೆ ರೂಟರೇ ಅದನ್ನು ಮನೆಯಿಡೀ ಗಾಳಿಯಲ್ಲಿ ಹಂಚುತ್ತದೆ. ವೈರ್ ಇಲ್ಲದ್ದು ಮೊಬೈಲ್ ಕಡೆಗೆ, ಪೆಟ್ಟಿಗೆಯ ಕಡೆಗಲ್ಲ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ನಾವು ಒಂದು ತಿಂಗಳು ಇಲ್ಲದ ಸಾಮಾನು ಹುಡುಕಿದ್ದೆವು ಮಾರಾಯ್ರೆ.

ಎರಡು ಡಿಸ್ಕ್ ಹಿಡಿಸುವ ಪೆಟ್ಟಿಗೆ, ತಲಾ 4 ಟಿಬಿಯ ಎರಡು ಡಿಸ್ಕ್ ತಂದೆವು. ಖರ್ಚು ಒಂದು ಒಳ್ಳೆಯ ಮೊಬೈಲಿನಷ್ಟಾಯಿತು, ಸುಳ್ಳು ಹೇಳುವುದಿಲ್ಲ. ಒಂದಕ್ಕೆ ಬರೆದದ್ದೆಲ್ಲ ಇನ್ನೊಂದಕ್ಕೂ ಬರೆಯುವಂತೆ ಜೋಡಿಸಿದ್ದರಿಂದ ನಮಗೆ ಸಿಗುವ ಜಾಗ 8 ಅಲ್ಲ, 4 ಟಿಬಿ. ಒಂದು ಸತ್ತರೆ ಇನ್ನೊಂದು ನಡೆಯುತ್ತಿರುತ್ತದೆ. ಡಿಸ್ಕ್ ಕೊಳ್ಳುವಾಗ ಸಿಎಂಆರ್ ಮಾದರಿಯದ್ದೇ ಕೇಳಿ. ಎಸ್‌ಎಂಆರ್ ಎಂಬ ಇನ್ನೊಂದು ಮಾದರಿ ಈ ಕೆಲಸಕ್ಕೆ ನಿಧಾನ. ದೊಡ್ಡ ಕಂಪೆನಿಗಳೇ ಹೇಳದೆ ಅದನ್ನು ಮಾರಿದ್ದು 2020ರಲ್ಲಿ ಹೊರಬಂದು ದೊಡ್ಡ ಗಲಾಟೆಯಾಗಿತ್ತು.

ಪೆಟ್ಟಿಗೆ ಎಲ್ಲಿಡುವುದು ಎಂಬುದಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ, ರೂಟರ್ ಪಕ್ಕ, ಟಿವಿ ಸ್ಟ್ಯಾಂಡ್ ಮೇಲೆ. ಕರೆಂಟ್ ಹೋದರೆ ಬರೆಯುತ್ತಿರುವ ಡಿಸ್ಕ್‌ಗೆ ಪೆಟ್ಟು ಬೀಳುತ್ತದೆ, ಆದ್ದರಿಂದ ಎರಡನ್ನೂ ಯುಪಿಎಸ್‌ಗೆ ಹಾಕಿದೆವು. 15 ವ್ಯಾಟ್ ಎಂದು ಹಿಡಿದರೂ ದಿನವಿಡೀ ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಗೃಹಜ್ಯೋತಿಯ ಸರಾಸರಿಯ ಅಂಚಿನಲ್ಲಿರುವ ಮನೆಯವರು ಇದನ್ನು ಗಮನಿಸಬೇಕು. ರಾತ್ರಿ 12ರಿಂದ ಬೆಳಿಗ್ಗೆ ಸುಬಹಿಯವರೆಗೆ ತಾನಾಗಿ ಮಲಗುವಂತೆ ನಾವು ಸಮಯ ಕೂರಿಸಿದ್ದೇವೆ.

ಮೊದಲ ಸಲ ಹಳೆಯ ಫೋಟೊಗಳನ್ನೆಲ್ಲ ತುಂಬುವಾಗ ವೈಫೈ ನಂಬಬೇಡಿ. ಒಳಕೋಣೆಯಲ್ಲಿ ನಮಗೆ ಸೆಕೆಂಡಿಗೆ 5 ಎಂಬಿ ಸಿಕ್ಕಿತು. ಆ ಲೆಕ್ಕದಲ್ಲಿ 100 ಜಿಬಿಗೆ ಐದೂವರೆ ಗಂಟೆ. ಲ್ಯಾಪ್‌ಟಾಪನ್ನೇ ಲ್ಯಾನ್ ವೈರ್‌ನಲ್ಲಿ ರೂಟರ್‌ಗೆ ಜೋಡಿಸಿದಾಗ ಅಷ್ಟೇ ಕೆಲಸ ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಆಮೇಲೆ ದಿನದಿನದ ಫೋಟೊಗೆ ವೈಫೈ ಧಾರಾಳ ಸಾಕು, ಮೊಬೈಲ್ ಚಾರ್ಜಿಗೆ ಇಟ್ಟಾಗ ಅದೇ ಕಳಿಸಿಕೊಳ್ಳುತ್ತದೆ.

ಈಗ ಪಾಸ್‌ವರ್ಡ್ ಮಾತು. ಪೆಟ್ಟಿಗೆ ಕೂರಿಸಿ ಒಂದು ವಾರ ಆಗಿರಬಹುದು. ಊರಿನಿಂದ ಬಂದ ಹುಡುಗನೊಬ್ಬ ಹಾಲ್‌ನಲ್ಲಿ ಕೂತು, "ನಿಮ್ಮ ಟಿವಿಯಲ್ಲಿ ಮದುವೆ ಫೋಟೊ ಎಲ್ಲ ಬರ್ತದಲ್ಲ, ಗಮ್ಮತ್ತುಂಟು" ಅಂದ. ನಮ್ಮ ಎದೆ ಧಸಕ್ಕೆಂದಿತು. ಫೋಟೊಗಳನ್ನು ಟಿವಿಗೆ ತಾನಾಗಿ ತೋರಿಸುವ ಮೀಡಿಯಾ ಸರ್ವರ್ ಎಂಬುದೊಂದು ಆನ್ ಆಗಿತ್ತು. ಅದಕ್ಕೆ ಪಾಸ್‌ವರ್ಡ್ ಲೆಕ್ಕವಿಲ್ಲ, ಒಂದೇ ವೈಫೈನಲ್ಲಿದ್ದರೆ ಸಾಕು. ಅಂಗಡಿಯವನ ಕಣ್ಣು ಬೇಡವೆಂದು ಇಷ್ಟೆಲ್ಲ ಮಾಡಿ, ನಮ್ಮ ಹಾಲ್‌ನಲ್ಲೇ ತೆರೆದಿಟ್ಟಿದ್ದೆವು. ಹುಡುಗನದ್ದೇನೂ ತಪ್ಪಿಲ್ಲ. ಅವತ್ತೇ ರಾತ್ರಿ ಮೀಡಿಯಾ ಸರ್ವರ್ ಬಂದ್ ಮಾಡಿದೆವು, ರೂಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿದೆವು. ಗೆಸ್ಟ್‌ನಲ್ಲಿ ಬಂದವರಿಗೆ ಇಂಟರ್‌ನೆಟ್ ಸಿಗುತ್ತದೆ, ಪೆಟ್ಟಿಗೆ ಕಾಣುವುದಿಲ್ಲ. ಮನೆಯ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಕಾಗದಪತ್ರದ ಫೋಲ್ಡರ್ ದೊಡ್ಡವರಿಗೆ ಮಾತ್ರ, ಹೆಣ್ಮಕ್ಕಳ ಮದುವೆ ಫೋಟೊ ಹೆಣ್ಮಕ್ಕಳಿಗೆ ಮಾತ್ರ. ಅದರ ಬೀಗ ಮನೆಯ ಗಂಡಸಿನ ಕೈಯಲ್ಲಿ ಏಕೆ ಎಂದು ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಈಗ ಅದರ ಪಾಸ್‌ವರ್ಡ್ ಉಮ್ಮನ ಡೈರಿಯಲ್ಲಿದೆ.

ಕೊಲ್ಲಿಯಲ್ಲಿರುವ ತಮ್ಮನಿಗೆ ಅಲ್ಲಿಂದಲೇ ನೋಡುವ ಆಸೆ. ಇದರಲ್ಲಿ ನಾವು ಸ್ವಲ್ಪ ಕಠಿಣ. ಹೊರಗಿನಿಂದ ನೋಡಲು ರೂಟರ್‌ನಲ್ಲಿ ಬಾಗಿಲು ತೆರೆದಿಟ್ಟರೆ ತಮ್ಮನ ಜೊತೆ ಕಳ್ಳರಿಗೂ ದಾರಿ ಸಿಗುತ್ತದೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆಗಳನ್ನು ದೂರದಿಂದಲೇ ಖಾಲಿ ಮಾಡಿದ್ದರು, ಬೆಳಗಾಗುವಾಗ ಎಷ್ಟೋ ಜನರ ಫೋಟೊಗಳೆಲ್ಲ ಮಾಯ. ಕಂಪೆನಿ ಅದಕ್ಕೆ ಅಪ್‌ಡೇಟ್ ಕೊಡುವುದನ್ನು 2015ರಲ್ಲೇ ನಿಲ್ಲಿಸಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುದು ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತು. ಹಾಗಾಗಿ ನಮ್ಮದು ಹೊರಗೆ ಕಾಣುವುದೇ ಇಲ್ಲ, ಅಪ್‌ಡೇಟ್ ಬಂದಾಗ ತಪ್ಪದೆ ಹಾಕುತ್ತೇವೆ. ತಮ್ಮ ರಜೆಗೆ ಬಂದಾಗ ಪೆನ್‌ಡ್ರೈವ್ ತುಂಬಿಸಿಕೊಂಡು ಹೋಗುತ್ತಾನೆ.

ಎರಡು ಡಿಸ್ಕ್ ಇದೆಯಲ್ಲ, ಇನ್ನೇನು ಚಿಂತೆ ಎಂದು ನಾವೂ ಅಂದುಕೊಂಡಿದ್ದೆವು. ಮಗಳು ಒಂದು ದಿನ ತಪ್ಪಿ ಒಂದು ಫೋಲ್ಡರ್ ಅಳಿಸಿದಾಗ ಅದು ಎರಡರಿಂದಲೂ ಒಟ್ಟಿಗೆ ಹೋಯಿತು. ಕನ್ನಡಿ ಅಂದರೆ ಹಾಗೇ ಅಲ್ಲವೇ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಪೆಟ್ಟಿಗೆಯ ರಿಸೈಕಲ್ ಬಿನ್ ಆನ್ ಇದ್ದುದರಿಂದ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಆಮೇಲಿಂದ ಮೂರನೆಯದೊಂದು ಪೋರ್ಟಬಲ್ ಡಿಸ್ಕ್‌ಗೆ ಎಲ್ಲವನ್ನೂ ಪ್ರತಿ ಮಾಡಿ, ಅದಕ್ಕೂ ಪಾಸ್‌ವರ್ಡ್ ಹಾಕಿ, ಊರಿನ ಮನೆಯಲ್ಲಿ ಇಟ್ಟಿದ್ದೇವೆ. ಪೆರ್ನಾಲ್‌ಗೆ ಹೋದಾಗ ತರುವುದು, ಹೊಸದು ಸೇರಿಸುವುದು, ಮುಂದಿನ ಸಲ ಒಯ್ಯುವುದು. ಕರಾವಳಿಯ ಮಳೆಗಾಲದ ತೇವಕ್ಕೆ ಡಿಸ್ಕ್ ಹಾಳಾಗದಿರಲು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಟಿಯ ಜೊತೆ ಇಡಿ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ.

ಇಷ್ಟೆಲ್ಲ ನಡೆಯುವಾಗ ಉಮ್ಮ ಒಂದು ದಿನ ತಮ್ಮ ಟ್ರಂಕಿನಿಂದ ಮೂರು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟರು. ಕೊಲ್ಲಿಯಿಂದ ಬಂದ ಟೇಪ್‌ರೆಕಾರ್ಡರಿನಲ್ಲಿ, ಒಂದು ಮದುವೆ ಮನೆಯಲ್ಲಿ ಹೆಂಗಸರು ಕೈತಟ್ಟಿ ಹೇಳಿದ ಬ್ಯಾರಿ ಹಾಡುಗಳು. ಒಂದರಲ್ಲಿ ಅವರ ಉಮ್ಮನ ದನಿ ಇದೆಯಂತೆ. "ಇದನ್ನೂ ಅದರೊಳಗೆ ಹಾಕ್ಲಿಕ್ಕೆ ಆಗ್ತದಾ ಮೋನೇ?" ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2009ರಲ್ಲಿ. ಅದಕ್ಕೆ ಮುಂಚಿನ ನಮ್ಮ ಎಷ್ಟೋ ಹಾಡುಗಳು ಇದ್ದದ್ದು ಬಾಯಲ್ಲಿ, ಇಲ್ಲವೇ ಇಂಥ ಟ್ರಂಕುಗಳಲ್ಲಿ. ಹಳೆಯ ವಾಕ್‌ಮನ್ ಒಂದನ್ನು ರಿಪೇರಿ ಮಾಡಿಸಿ, ಅದರ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪ್‌ಗೆ ವೈರ್ ಎಳೆದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದೆವು. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು, ಅವಸರವಿಲ್ಲ. ಡಬ್ಲ್ಯೂಎವಿ ರೂಪದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿಯಂತೆ 600 ಎಂಬಿ ಆಯಿತು. ಎಂಪಿ 3 ಮಾಡಿದರೆ ಹತ್ತನೇ ಒಂದು ಪಾಲಷ್ಟೇ, ಆದರೆ ಮೂಲ ಪ್ರತಿಯನ್ನು ಕುಗ್ಗಿಸಬಾರದು.

ವಿಷಯ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೇಗೋ ತಲುಪಿತು. "ಇಲ್ಲಿಗೆ ಹಾಕಿ, ಎಲ್ರೂ ಕೇಳ್ಲಿ" ಎಂದು ಒಂದೇ ಸಮ ಮೆಸೇಜ್. ನಮಗೂ ಹಾಕುವ ಮನಸ್ಸಿತ್ತು. ಉಮ್ಮ ಒಪ್ಪಲಿಲ್ಲ. "ಅವರು ಹಾಡಿದ್ದು ಚಪ್ಪರದ ಒಳಗೆ. ಹೊರಗೆ ಗಂಡಸರಿಗೆ ಕೇಳ್ತದೆ ಅಂತ ಗೊತ್ತಿದ್ರೆ ಹಾಡ್ತಿರ್ಲಿಲ್ಲ. ಬೇಕಾದವರು ಇಲ್ಲಿಗೆ ಬಂದು ಕೇಳ್ಲಿ" ಅಂದರು. ಗ್ರೂಪಿನಲ್ಲಿ ಒಂದಿಬ್ಬರು ಬೇಸರ ಮಾಡಿಕೊಂಡದ್ದು ನಿಜ. ಹಾಡು ಉಳಿಯಬೇಕಾದರೆ ನಾಲ್ಕು ಜನ ಕೇಳಬೇಕು ಎಂಬ ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೂ ಉಮ್ಮನ ಮಾತೇ ನಡೆಯಿತು, ಫೈಲು ಹೆಣ್ಮಕ್ಕಳ ಫೋಲ್ಡರ್‌ಗೆ ಹೋಯಿತು.

ಕಳೆದ ತಿಂಗಳು ಊರಿನಿಂದ ಅವರ ತಂಗಿ ಆಸ್ಪತ್ರೆ ಕೆಲಸಕ್ಕೆ ಬಂದರು. ಒಳಕೋಣೆಯಲ್ಲಿ ಅಕ್ಕತಂಗಿ ಇಬ್ಬರೂ ಮಗಳ ಮೊಬೈಲಿನಲ್ಲಿ ಮೂರು ಸಲ ಕೇಳಿದರಂತೆ. ಆಮೇಲೆ ಬಾಗಿಲು ತೆರೆದು ಉಮ್ಮ ಹೊರಗೆ ಬಂದರು. ನಾವು ಫೈಲಿಗೆ ಕೊಟ್ಟ ಹೆಸರು ತಪ್ಪಂತೆ. ಮೊದಲ ಹಾಡು ಅವರ ಉಮ್ಮನದ್ದಲ್ಲ, ಪಕ್ಕದ ಮನೆಯವರದ್ದು. ಅವರ ಉಮ್ಮನದ್ದು ಎರಡನೆಯದು, ನಡುವೆ ಕೆಮ್ಮು ಬರುತ್ತದಲ್ಲ, ಅದು. ಹೆಸರು ಬದಲಾಯಿಸಿದೆವು. ಇನ್ನೆರಡು ಕ್ಯಾಸೆಟ್‌ಗಳ ಟೇಪು ಬೂಸ್ಟು ಹಿಡಿದು ಅಂಟಿಕೊಂಡಿದೆ. ಅವನ್ನು ಬಿಡಿಸಿ ಕೊಡುವವರು ಯಾರಾದರೂ ಗೊತ್ತಿದ್ದರೆ ಈ ಪುಟಕ್ಕೆ ಬರೆದು ತಿಳಿಸಿ. ಎದುರಿಗೇ ಕೂತು ಮಾಡಿಕೊಡುವವರಾದರೆ ಮಾತ್ರ.