ಹೊರೆ ಹೊರುವ ಕಾಯಕವೂ ಚಾಲಕನಿಲ್ಲದ ಬಂಡಿಯೂ

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಕಾಗವಾಡ ತಾಲೂಕಿನ ರಸ್ತೆಗಳೆಲ್ಲ ಕಬ್ಬಿನ ಗಾಡಿಗಳ ಪಾಲಾಗುತ್ತವೆ. 1939ರಲ್ಲಿ ಸ್ಥಾಪನೆಗೊಂಡ ಉಗಾರದ ಸಕ್ಕರೆ ಕಾರ್ಖಾನೆಯಿಂದ ಮೊದಲ್ಗೊಂಡು ಕೃಷ್ಣಾತೀರದ ಕಾರ್ಖಾನೆಗಳೆಲ್ಲ ಹಗಲಿರುಳೆನ್ನದೆ ದುಡಿಯುವ ಕಾಲವದು. ಕಬ್ಬನ್ನು ಎತ್ತುವುದು ಯಂತ್ರ, ಅರೆಯುವುದೂ ಯಂತ್ರ. ಆದರೆ ಸಕ್ಕರೆ ಚೀಲ ಸೇರಿದ ಮೇಲೆ ಅದನ್ನು ಉಗ್ರಾಣದಲ್ಲಿ ಥಪ್ಪಿ ಹಚ್ಚಲು, ಲಾರಿಗೆ ಏರಿಸಲು ಬಹುತೇಕ ಕಡೆಗಳಲ್ಲಿ ಇಂದಿಗೂ ಹಮಾಲರ ಬೆನ್ನೇ ಬೇಕು. ಹಿಂದೆ ಆ ಚೀಲ 100 ಕಿಲೋ ತೂಗುತ್ತಿತ್ತು. ಈಗ 50 ಕಿಲೋ. ವಯಸ್ಕ ಪುರುಷನೊಬ್ಬ ಹೊರಬಹುದಾದ ಮಿತಿ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತ್ತು. ನಮ್ಮ ಹಿರಿಯರು ಹೆಚ್ಚುಕಡಿಮೆ ಅದರ ಇಮ್ಮಡಿಯನ್ನು ಹೊತ್ತರೆಂದಾಯಿತು.

ಈ ಹೊರೆಯನ್ನು ಇಳಿಸಿಕೊಳ್ಳಬಲ್ಲ ಬಂಡಿಯೊಂದು 1950ರ ದಶಕದಲ್ಲಿ ಅಮೇರಿಕೆಯಲ್ಲಿ ಹುಟ್ಟಿತು. ಅದಕ್ಕೆ ಚಾಲಕನಿಲ್ಲ. ನೆಲದೊಳಗೆ ಹೂತ ತಂತಿಯಲ್ಲಿ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಉಂಟಾಗುತ್ತದಷ್ಟೆ. ಬಂಡಿಯ ಅಡಿಯಲ್ಲಿರುವ ಸುರುಳಿಗಳು ಅದನ್ನು ಗ್ರಹಿಸಿ, ತಂತಿಯ ಜಾಡು ತಪ್ಪದಂತೆ ಚಕ್ರವನ್ನು ತಿರುಗಿಸುತ್ತವೆ. ಗಾಣದ ಎತ್ತು ತನ್ನ ಸುತ್ತು ತಪ್ಪುವುದಿಲ್ಲವಲ್ಲ, ಹಾಗೆ. ಮುಂದೆ ಕಾಂತಪಟ್ಟಿ ಬಂದಿತು, ಲೇಸರ್ ಕಿರಣ ಬಂದಿತು. ಈಗಿನ ಬಂಡಿಗಳು ಎದುರಿಗೆ ಮನುಷ್ಯ ಬಂದರೆ ತಾವಾಗಿ ನಿಲ್ಲುತ್ತವೆ. 2019ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯು ಬೆಂಗಳೂರಿನ ತನ್ನ ಕೇಂದ್ರವೊಂದರಲ್ಲಿ ಪೊಟ್ಟಣಗಳನ್ನು ವಿಂಗಡಿಸಲು ಇಂಥ ನೂರಕ್ಕೂ ಹೆಚ್ಚು ಪುಟ್ಟ ಬಂಡಿಗಳನ್ನು ಬಳಕೆಗೆ ತಂದಿತು.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಸ್ವೀಡನ್ ದೇಶದ ಕಾಲ್ಮರ್ ಪಟ್ಟಣದ ಸಂಗತಿ. ಅಲ್ಲಿ ವೋಲ್ವೋ ಕಂಪನಿಯು 1974ರಲ್ಲಿ ತೆರೆದ ಕಾರು ಕಾರ್ಖಾನೆಯಲ್ಲಿ ಓಡುವ ಪಟ್ಟಿಯ ಹಿಂದೆ ಕಾರ್ಮಿಕರು ಓಡಬೇಕಾಗಿರಲಿಲ್ಲ. ಸ್ವಯಂಚಾಲಿತ ಬಂಡಿಗಳೇ ಕಾರನ್ನು ಹೊತ್ತು ಅವರ ತಂಡದ ಬಳಿಗೆ ಬರುತ್ತಿದ್ದವು. ಅಡಿಭಾಗದ ಕೆಲಸಕ್ಕೆ ಯಾರೂ ಬಗ್ಗದಿರಲೆಂದು ಕಾರನ್ನೇ ಪಕ್ಕಕ್ಕೆ ವಾಲಿಸುವ ಏರ್ಪಾಡಿತ್ತು. ಆ ಕಾರ್ಖಾನೆ 1994ರಲ್ಲಿ ಮುಚ್ಚಿತು, ನಿಜ. ಆದರೂ ಯಂತ್ರವನ್ನು ಮನುಷ್ಯನ ಬೆನ್ನಿಗೆ ಹೊಂದಿಸಬಹುದೆಂಬುದು ಅಲ್ಲಿ ರುಜುವಾತಾಯಿತು.

ನಮ್ಮ ಸಕ್ಕರೆ ಉಗ್ರಾಣಗಳಿಗೆ ಈ ಬಂಡಿ ಸುಲಭದ ಮಾತಲ್ಲ. ಅದಕ್ಕೆ ಸಮತಟ್ಟಾದ ಗಟ್ಟಿ ನೆಲ ಬೇಕು, ವರ್ಷವಿಡೀ ಒಂದೇ ದಾರಿಯ ಕೆಲಸ ಬೇಕು. ನಮ್ಮಲ್ಲಿ ನುರಿಸುವ ಹಂಗಾಮು ಕೆಲವೇ ತಿಂಗಳುಗಳದು.

ಕಾಯಕವೇ ಶ್ರೇಷ್ಠವೆನ್ನುವ ನಮಗೆ ಇಂಥ ಬಂಡಿ ಸಲ್ಲದೆಂದು ಕೆಲವರು ಹೇಳಿಯಾರು. ಕಟ್ಟಿಗೆಯ ಹೊರೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನವರನ್ನು ಕಲ್ಯಾಣವು ಗೌರವಿಸಿತು. ಆದರೆ ಗೌರವ ಸಂದುದು ಹೊತ್ತ ಶರಣನಿಗೆ, ಹೊರೆಯ ತೂಕಕ್ಕಲ್ಲ. ಹಮಾಲನ ಸೊಂಟ ಮುರಿಯುವುದನ್ನು ಕಾಯಕದ ಹೆಸರಿನಲ್ಲಿ ಸಮರ್ಥಿಸುವುದು ನಮಗೆ ಒಪ್ಪಿಗೆಯಿಲ್ಲ. ಅವನ ಕೂಲಿಯನ್ನು ಯಂತ್ರದ ಹೆಸರಿನಲ್ಲಿ ಕಸಿಯುವುದೂ ಒಪ್ಪಿಗೆಯಿಲ್ಲ. ನಾಳೆ ಈ ಬಂಡಿ ನಮ್ಮ ಉಗ್ರಾಣದೊಳಗೆ ಬರುವುದಾದರೆ, ಅದನ್ನು ನಡೆಸುವ, ದುರಸ್ತಿ ಮಾಡುವ ವಿದ್ಯೆಯನ್ನು ಮೊದಲು ಹಮಾಲರ ಮಕ್ಕಳಿಗೆ ಕಲಿಸಬೇಕು. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಈಗ ಇಂಜಿನಿಯರಿಂಗ್ ಕಾಲೇಜುಗಳಿವೆ. ಆ ಮಕ್ಕಳ ಶುಲ್ಕವನ್ನು ಕಾರ್ಖಾನೆಗಳೂ, ಉಳ್ಳ ಮನೆತನಗಳೂ ದಾಸೋಹವೆಂದು ಭಾವಿಸಿ ಭರಿಸಬಾರದೇಕೆ?